ಕೈಯನ್ನು ತಿದ್ದಬೇಡಿ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ನಾನು ತೋರಿಸಿದ ಕೌದಿಯ ಬಗ್ಗೆ ವೀಕ್ಷಕರೊಬ್ಬರು ಬರೆದ ಮಾತಿಗೆ ಇಂದು ಉತ್ತರ ಕೊಡಲೇಬೇಕಾಗಿದೆ. ಆ ಕೌದಿಯ ನಡುಭಾಗದಲ್ಲಿ ಅಡಿಕೆ ಸುಲಿಯುವ ಹೆಂಗಸೊಬ್ಬರ ಎರಡು ಹಸ್ತಗಳನ್ನು ಹಳೆಯ ಬಟ್ಟೆಯಲ್ಲಿ ಕತ್ತರಿಸಿ ಹೊಲಿದಿದ್ದೆ. ಬೆರಳ ಗಂಟುಗಳು ದಪ್ಪಗಿದ್ದವು, ಉಗುರಿನ ಸುತ್ತ ಕಪ್ಪು ದಾರವಿತ್ತು, ಹೆಬ್ಬೆರಳಿನ ಬದಿಯಲ್ಲಿ ಒಂದು ಸೀಳು ಇತ್ತು. ಅದನ್ನು ನೋಡಿ ಅವರು, "ಕೆಲಸ ಅಚ್ಚುಕಟ್ಟಾಗಿದೆ, ಆದರೆ ಇದಕ್ಕಿಂತ ಚಂದದ ಕೈ ಸಿಗಲಿಲ್ಲವೇ? ಮದರಂಗಿ ಹಚ್ಚಿ ಬಳೆ ತೊಟ್ಟ ಕೈ ಮಾಡಿದ್ದರೆ ಗೋಡೆಗೆ ಹಾಕಬಹುದಿತ್ತು" ಎಂದು ಬರೆದಿದ್ದಾರೆ. ಆ ಮಾತನ್ನು ಮೆಚ್ಚಿದವರ ಸಂಖ್ಯೆಯೂ ಸಣ್ಣದಲ್ಲ.

ನನ್ನ ಉತ್ತರ ಒಂದೇ. ಬಟ್ಟೆಯ ಮೇಲೆ ಕೈಯನ್ನು ಮೂಡಿಸುವಾಗ ಅದನ್ನು ತಿದ್ದಬಾರದು. ಇದ್ದ ಅಳತೆಗೆ, ಇದ್ದ ಬಣ್ಣಕ್ಕೆ, ಇದ್ದ ಗಾಯಕ್ಕೆ ಹೊಲಿಯಬೇಕು. ತನ್ನ ದೇಹವನ್ನು ಅಂಜಿಕೆ, ನಾಚಿಕೆಗಳಿಲ್ಲದೆ ನೋಡಿಕೊಳ್ಳುವ ಧೈರ್ಯ ಬರಲಿ ಎಂದು ಸೂಜಿ ಹಿಡಿದವಳು ಮೊದಲ ಗೆರೆಯಲ್ಲೇ ಆ ದೇಹವನ್ನು ಮರೆಮಾಚಿದರೆ, ಮುಂದೆ ಹಾಕುವ ಸಾವಿರ ಹೊಲಿಗೆಗಳಿಂದಲೂ ಪ್ರಯೋಜನವಿಲ್ಲ.

ಆ ಕೈ ಯಾವುದು ಎಂಬುದನ್ನು ಹೇಳುತ್ತೇನೆ. ನಮ್ಮ ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಲು ಆರಂಭವಾದರೆ ರಾತ್ರಿಯವರೆಗೂ, ಕಾಲಿನಿಂದ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವ ಹೆಂಗಸರಿದ್ದಾರೆ. ಹಸಿ ಅಡಿಕೆಯ ಚೊಗರು, ಅಂದರೆ ಅದರ ಒಗರು ರಸ, ಮೊದಲು ಬೆರಳ ತುದಿಗೆ ಹತ್ತುತ್ತದೆ, ಆಮೇಲೆ ಅಂಗೈಯ ಗೆರೆಗಳಿಗೆ ಇಳಿಯುತ್ತದೆ, ಕೊನೆಗೆ ಹೆಬ್ಬೆರಳಿನ ಒಡಕಿನೊಳಗೆ ಕಪ್ಪಗೆ ಕೂತುಬಿಡುತ್ತದೆ. ಸೋಪು ಹಾಕಿ ತಿಕ್ಕಿದರೂ ಅದು ಹೋಗುವುದಿಲ್ಲ. ಹಳೆಯ ಚರ್ಮ ಉದುರಿ ಹೊಸದು ಬರುವವರೆಗೆ ಕಾಯಬೇಕು. ಸುಗ್ಗಿಯ ನಡುವೆ ಮದುವೆ ಮನೆಗೆ ಹೋದರೆ ಫೋಟೋ ತೆಗೆಯುವಾಗ ಈ ಕೈಗಳು ಸೆರಗಿನ ಒಳಗೆ ಸೇರುತ್ತವೆ. ನಾನು ಗೆರೆ ಎಳೆದುಕೊಳ್ಳಲು ಕೈ ಕೇಳಿದಾಗ, ಕೌದಿಯಲ್ಲಿರುವ ಕೈಗಳ ಒಡತಿಯಾದ ಆ ಅತ್ತಿಗೆ, "ಈ ಕೈ ಎಂತ ನೋಡ್ತೆ ತಂಗಿ, ಬಿಡು" ಎಂದರು. ಆ 'ಬಿಡು' ಎಂಬ ಒಂದು ಮಾತಿಗಾಗಿಯೇ ನಾನು ಆ ಕೌದಿಯನ್ನು ಹೊಲಿದದ್ದು.

ಇದೇ ಚೊಗರಿನಿಂದ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯಿರುವ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಅದರ ಕೆಂಗಂದು ಬಣ್ಣದ ಕುರ್ತಾ ತೊಟ್ಟವರನ್ನು ನಾವು ಅಭಿರುಚಿಯುಳ್ಳವರೆಂದು ಹೊಗಳುತ್ತೇವೆ. ಚೊಗರಿಗೆ ಕಬ್ಬಿಣದ ಅಂಶ ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ, ಅದಕ್ಕೂ ಬೆಲೆಯಿದೆ. ಬಟ್ಟೆಗೆ ಹತ್ತಿದರೆ ಸೊಬಗು, ಸುಲಿದವಳ ಬೆರಳಿಗೆ ಹತ್ತಿದರೆ ಕೊಳೆ ಎನ್ನುವುದು ಯಾವ ಊರಿನ ನ್ಯಾಯ? ನನ್ನ ಕೌದಿಯ ಕೈಗಳಿಗೆ ಬಳಸಿದ್ದು ಚೊಗರಿನಲ್ಲೇ ಅದ್ದಿದ ಹತ್ತಿ ಬಟ್ಟೆ. ಆದ್ದರಿಂದ ಆ ಬಣ್ಣವನ್ನು ತಿದ್ದಬೇಕಿತ್ತು ಎನ್ನುವ ಸಲಹೆಯನ್ನು ನಾನು ಪೂರ್ತಿಯಾಗಿ ತಳ್ಳಿಹಾಕುತ್ತೇನೆ.

ದೇಹದ ವಿಚಾರಕ್ಕೆ ಕೈಯೇ ಏಕೆ, ಮುಖ ಮಾಡಬಹುದಲ್ಲ ಎಂದು ಇನ್ನೊಬ್ಬರು ಕೇಳಿದ್ದಾರೆ. ಮುಖವನ್ನು ನೋಡಿಕೊಳ್ಳಲು ಕನ್ನಡಿ ಬೇಕು, ಇಲ್ಲವೇ ಮೊಬೈಲ್ ಬೇಕು. ಮೊಬೈಲಿನಲ್ಲಿ ಕಾಣುವುದು ಯಂತ್ರವೇ ನುಣುಪು ಮಾಡಿ ಕೊಟ್ಟ ಮುಖ. ಕೈ ಹಾಗಲ್ಲ. ಬೆಳಿಗ್ಗೆ ಒಲೆ ಹಚ್ಚುವುದರಿಂದ ರಾತ್ರಿ ಬಾಗಿಲು ಹಾಕುವವರೆಗೆ ಅದು ನಮ್ಮ ಕಣ್ಣೆದುರಿಗೇ ಇರುತ್ತದೆ. ಹೊಲಿಗೆಯಲ್ಲಂತೂ ಹೊಲಿಯುವುದೂ ಕೈ, ಹೊಲಿಸಿಕೊಳ್ಳುವುದೂ ಕೈ. ಗಂಟೆಗಟ್ಟಲೆ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಲೇಬೇಕು. ಆ ನೋಟದಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಅಮೆರಿಕದ ಕಲಾವಿದೆ ಫೇತ್ ರಿಂಗೋಲ್ಡ್ ತನ್ನ ಮೊದಲ ಕೌದಿಯನ್ನು 1980ರಲ್ಲಿ ತಾಯಿಯ ಜೊತೆ ಸೇರಿ ಮಾಡಿದರು. 1986ರಲ್ಲಿ ತಾವು ನೂರು ಪೌಂಡಿಗೂ ಹೆಚ್ಚು ತೂಕ ಇಳಿಸಿಕೊಂಡ ಕಥೆಯನ್ನೇ, ತಮ್ಮ ಫೋಟೋಗಳನ್ನೂ ಬರಹವನ್ನೂ ಸೇರಿಸಿ ಒಂದು ಕೌದಿಯಾಗಿಸಿದರು. ತೂಕದ ಬಗ್ಗೆ, ದೇಹದ ಬಗ್ಗೆ ಕೌದಿ ಮಾತಾಡಬಲ್ಲದು ಎಂಬುದನ್ನು ಅವರು ತೋರಿಸಿಕೊಟ್ಟು ಸುಮಾರು ನಾಲ್ಕು ದಶಕಗಳಾದವು. ನಮ್ಮಲ್ಲಿ ಇಡೀ ದೇಹವನ್ನು ಹಾಗೆ ಬಟ್ಟೆಗೆ ತರಲು ಎಷ್ಟು ಜನ ಹೆಂಗಸರು ಒಪ್ಪುತ್ತಾರೆ? ಆದರೆ ಕೈ ಕೇಳಿದರೆ ಕೊಡುತ್ತಾರೆ. ಮೊದಲು ಅಳುಕುತ್ತಾರೆ, ಆಮೇಲೆ ಕೊಡುತ್ತಾರೆ.

ಈಗ ತಿದ್ದುವಿಕೆ ಎಲ್ಲೆಲ್ಲಿ ನುಸುಳುತ್ತದೆ ಎಂಬುದನ್ನು ಗಮನಿಸಿ. ಬಟ್ಟೆಯ ಮೇಲೆ ಹಸ್ತವನ್ನಿಟ್ಟು ಸುತ್ತ ಪೆನ್ಸಿಲ್ ಎಳೆಯುವಾಗ ಪೆನ್ಸಿಲ್ ನೆಟ್ಟಗೆ ನಿಂತಿರಬೇಕು. ಅದರ ಮೊನೆ ಒಳಗೆ ವಾಲಿದರೆ ಬೆರಳಿನ ಅಡಿಗೆ ಸರಿದು ಬೆರಳು ಸಪೂರವಾಗುತ್ತದೆ. ನಾನು ನೋಡಿದ ಹೆಚ್ಚಿನವರ ಪೆನ್ಸಿಲಿನ ಮೊನೆ ತಾನಾಗಿಯೇ ಒಳಗೆ ವಾಲುತ್ತದೆ, ಯಾರೂ ಹೇಳಿಕೊಟ್ಟಿರುವುದಿಲ್ಲ. ನಂತರ ಗೆರೆಯ ಹೊರಗೆ ಕಾಲು ಇಂಚು ಬಿಟ್ಟು ಕತ್ತರಿಸಿ, ಎರಡು ಬೆರಳು ಕೂಡುವ ಸಂದಿಯಲ್ಲಿ ಗೆರೆಯ ಹತ್ತಿರದವರೆಗೆ ಕತ್ತರಿಯ ಮೊನೆಯಿಂದ ಕಚ್ಚು ಹಾಕಿ, ಅಂಚನ್ನು ಒಳಗೆ ಮಡಿಸಬೇಕು. ಮಡಿಸುವಾಗ ಗೆರೆ ದಾಟಿ ಒಳಗೆ ಹೋದರೆ ಮತ್ತೊಮ್ಮೆ ಬೆರಳು ಸಣ್ಣದಾಗುತ್ತದೆ. ಹಸ್ತದ ಹಿಂಬದಿಯ ನರಗಳನ್ನು ಬಿಟ್ಟುಬಿಡುವುದು ಮೂರನೆಯ ಮೋಸ. ಅಂಗೈಯ ಹಿಂಬದಿಯಲ್ಲಿ ಚರ್ಮದ ಕೆಳಗಿನ ಕೊಬ್ಬು ತೆಳುವಾಗಿರುತ್ತದೆ, ವಯಸ್ಸಾದಂತೆ ಇನ್ನೂ ತೆಳುವಾಗಿ ನರಗಳು ಎದ್ದು ಕಾಣುತ್ತವೆ. ಇದು ದೇಹ ನಡೆಯುವ ಕ್ರಮ. ಅವನ್ನು ಹಗ್ಗ ಹೊಸೆದಂತೆ ಕಾಣುವ ಸ್ಟೆಮ್ ಸ್ಟಿಚ್ಚಿನಲ್ಲಿ ಉಬ್ಬಿಸಿ ಹೊಲಿಯಿರಿ. ತೊನ್ನು ಇದ್ದರೆ ಬಿಳಿಯ ತುಂಡನ್ನು ಅದೇ ಆಕಾರದಲ್ಲಿ ಹಚ್ಚಿ. ಆರನೆಯ ಬೆರಳಿದ್ದರೆ ಆರನ್ನೂ ಹೊಲಿಯಿರಿ.

ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ಸಾಲುಗಳು ಸ್ಕೇಲು ಹಿಡಿದಂತೆ ನೇರವಾಗಿರುವುದಿಲ್ಲ. ಹೊಲಿದವಳ ಕೈ ಎಷ್ಟು ಚಾಚಿತು, ಎಲ್ಲಿ ತಿರುಗಿತು ಎಂಬುದೆಲ್ಲ ಅಲ್ಲಿ ಹಾಗೇ ಉಳಿದಿರುತ್ತದೆ, ಆ ಕೌದಿಯ ಚೆಲುವೂ ಅದೇ. ಅವರ ಬಗ್ಗೆ ಪ್ರತ್ಯೇಕ ಸಂಚಿಕೆ ಬರಲಿದೆ. ಚಾನೆಲ್ಲಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಈಗಲೇ ಆಗಿ.

ದುಡಿಮೆಯ ಕೈ ತೋರಿಸಿದರೆ ಬಡತನವನ್ನು ವೈಭವೀಕರಿಸಿದಂತಾಗುತ್ತದೆ ಎಂಬ ಆಕ್ಷೇಪವೂ ಬಂದಿದೆ. ಹಾಗಾದರೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ನೀರಿಳಿತದ ಹೊತ್ತಿಗೆ ಬೆಳಚು ಎಂಬ ಚಿಪ್ಪುಮೀನು ಹೆಕ್ಕಿ ಬೆರಳು ಕೊಯ್ದುಕೊಂಡವಳನ್ನು, ಗೇರುಬೀಜ ಒಡೆದು ಸೊನೆಯಿಂದ ಚರ್ಮ ಸುಟ್ಟುಕೊಂಡವಳನ್ನು ಚಿತ್ರದಿಂದಲೇ ಹೊರಗಿಟ್ಟರೆ ಅವರ ಬಡತನ ಹೋಗುತ್ತದೆಯೇ? ಇದು ಆಕ್ಷೇಪವಲ್ಲ, ಕಣ್ಣು ತಪ್ಪಿಸಲು ಹುಡುಕಿದ ನೆಪ. 2021ರ ನವೆಂಬರಿನಲ್ಲಿ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದಾಗ ದೇಶವೆಲ್ಲ ಅವರ ಬರಿಗಾಲಿನ ಬಗ್ಗೆ ಮಾತಾಡಿತು. ನರ್ಸರಿಯಲ್ಲಿ ಬೀಜ ಊರಿ, ಸಸಿ ಕಿತ್ತು ನೆಟ್ಟ ಆ ಕೈಗಳ ಬಗ್ಗೆ ಯಾರು ಮಾತಾಡಿದರು? ಅವನ್ನು ಯಾರಾದರೂ ಬಟ್ಟೆಗೆ ತರುವುದಾದರೆ ಉಗುರಿನ ಮಣ್ಣನ್ನು ತೊಳೆದು ತರಬೇಕೇ?

ದೇಹದ ಬಗೆಗಿನ ಕೀಳರಿಮೆ ಪೇಟೆಯವರ ಹವ್ಯಾಸ ಎನ್ನುವವರಿಗೆ ನಾನು ಉತ್ತರಿಸುವುದಿಲ್ಲ. ಅವರು ಒಂದು ಮದುವೆಯ ಆಲ್ಬಮ್ ತೆರೆದು ಎಷ್ಟು ಕೈಗಳು ಸೆರಗಿನೊಳಗಿವೆ ಎಂದು ನೋಡಲಿ. ಕಲೆ ಎಂದರೆ ಚಂದ ಮಾಡುವುದು ಎನ್ನುವವರಿಗೂ ಅಷ್ಟೇ: ನಾನು ಚಂದವನ್ನೇ ಮಾಡುತ್ತಿದ್ದೇನೆ. ಕೈಯನ್ನು ತಿದ್ದಬೇಡಿ. ನಿಮ್ಮದನ್ನೂ ತಿದ್ದಬೇಡಿ, ನಿಮ್ಮ ಅಮ್ಮನದನ್ನೂ ತಿದ್ದಬೇಡಿ. ಏಕೆ ಎಂದು ಮತ್ತೆ ಕೇಳಿದರೆ ಮತ್ತೆ ಇದನ್ನೇ ಹೇಳುತ್ತೇನೆ: ಅದು ಹಾಗಿದೆ, ಆದ್ದರಿಂದ ಹಾಗೇ ಹೊಲಿಯಬೇಕು.

ಈ ಮಳೆಗಾಲದಲ್ಲಿ ವೀಕ್ಷಕರ ಕೈಗಳನ್ನೇ ಸೇರಿಸಿ ಒಂದು ದೊಡ್ಡ ಕೌದಿ ಮಾಡುವವಳಿದ್ದೇನೆ. ಹಳೆಯ ಹತ್ತಿ ಸೀರೆಯ ತುಂಡಿನ ಮೇಲೆ, ನೀವು ಹೆಚ್ಚು ಬಚ್ಚಿಡುವ ಕೈ ಯಾವುದೋ ಅದನ್ನೇ ಇಟ್ಟು, ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಎಳೆದು ಕಳುಹಿಸಿ. ವಿಳಾಸ ವಿಡಿಯೋದ ಕೆಳಗಿದೆ. ಬೆರಳು ಸಪೂರವಾಗಿ ಬಂದ ತುಂಡುಗಳನ್ನು ನಾನು ವಾಪಸು ಕಳುಹಿಸುತ್ತೇನೆ. ಮತ್ತೊಮ್ಮೆ ಎಳೆದು ಕಳುಹಿಸಬೇಕು.