ಡಬ್ಬಿ ಕೊನೆಗೆ, ಕರೆಂಟು ಮೊದಲಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಹಳೆಯ ಗೇಮ್ ಕನ್ಸೋಲನ್ನು ಬಿಚ್ಚಿ, ಒಳಗಿನ ಬೋರ್ಡಿಗೆ ಪುಟ್ಟ ಸ್ಕ್ರೀನು, ಬ್ಯಾಟರಿ, ಬಟನ್ ಜೋಡಿಸಿ, ಕೈಯಲ್ಲಿ ಹಿಡಿದು ಆಡುವ ಹಾಗೆ ಮಾಡುವ ಹುಚ್ಚು ಕೆಲವರಿಗಿದೆ. ನನಗೂ ಇದೆ. ಅಮೆರಿಕದ ಬೆಂಜಮಿನ್ ಹೆಕೆಂಡಾರ್ನ್ 2000ರಲ್ಲೇ ಅಟಾರಿ 2600ನ್ನು ಹೀಗೆ ಕೈಗೆ ತಂದಿದ್ದರು. ಕಂಪನಿಯವರೇ ಮಾಡಿದ್ದೂ ಉಂಟು. ಸೆಗಾ 1995ರಲ್ಲಿ ನೋಮ್ಯಾಡ್ ತಂದಿತು. ಸೆಗಾದ ಮನೆ ಕನ್ಸೋಲ್ ಜೆನೆಸಿಸ್‌ಗೆ ಸಿಕ್ಕಿಸುವ ಕಾರ್ಟ್ರಿಜ್ಜೇ, ಅಂದರೆ ಆಟದ ಕ್ಯಾಸೆಟ್ಟೇ, ಅದರಲ್ಲಿ ಓಡುತ್ತಿತ್ತು. ಆದರೆ ಆರು ಎಎ ಸೆಲ್‌ಗಳನ್ನು ಅದು ಗಟಗಟ ಕುಡಿದುಬಿಡುತ್ತಿತ್ತು.

ಕಷ್ಟ ಇರುವುದೇ ಅಲ್ಲಿ. ಹೊಸಬರು ಮೊದಲು ಕೇಳುವುದು ಡಬ್ಬಿಯ ವಿಷಯ. ಯಾವ ಬಣ್ಣ, ಎಷ್ಟು ತೆಳು, ಥ್ರೀಡಿ ಪ್ರಿಂಟ್ ಮಾಡಿಸಲಾ ಅಂತ. ಡಬ್ಬಿ ಕೊನೆಗೆ ಇರಲಿ. ಮೊದಲು ಕರೆಂಟಿನ ಲೆಕ್ಕ.

ಅದಕ್ಕೂ ಮುಂಚೆ, ಯಾವ ಕನ್ಸೋಲ್? ಮೊದಲ ಸಲಕ್ಕೆ 8 ಬಿಟ್‌ನದು, ಅಂದರೆ ಹಳೆಯ ಕಾಲದ ಸರಳ ಚಿಪ್ಪಿನದು ಸಾಕು. ನಿಂಟೆಂಡೊ ಎನ್‌ಇಎಸ್‌ನ ನಕಲು ಸಿಕ್ಕರೆ ಇನ್ನೂ ಒಳ್ಳೆಯದು. ಅಂಥವುಗಳಲ್ಲಿ ಹೆಚ್ಚಾಗಿ ಇಡೀ ಯಂತ್ರವೇ ಒಂದು ಕಪ್ಪು ಅಂಟಿನ ಬೊಟ್ಟಿನ ಕೆಳಗೆ ಕೂತಿರುತ್ತದೆ, ಬೋರ್ಡೂ ಚಿಕ್ಕದು. ಸುಟ್ಟುಹೋದರೆ ಹೊಟ್ಟೆ ಉರಿಯುವುದಿಲ್ಲ. ನಿಂಟೆಂಡೊದ್ದೇ ಆದ ವೀ (Wii) ಕನ್ಸೋಲಿನ ಬೋರ್ಡನ್ನೇ ಕೆಲವರು ಗರಗಸದಲ್ಲಿ ಕೊಯ್ದು ಅಂಗೈಯಗಲ ಮಾಡಿದ್ದನ್ನು ನೋಡಿ ನಮಗೂ ಆಸೆಯಾಗುತ್ತದೆ, ಅಲ್ವಾ? ಆದರೆ ಆ ಬೋರ್ಡಿನಲ್ಲಿ ತಾಮ್ರದ ಗೆರೆಗಳು ಹಲವು ಪದರಗಳಲ್ಲಿ ಓಡುತ್ತವೆ. ಅದಕ್ಕೆ ಬೇಕಾದ ವೋಲ್ಟೇಜುಗಳೇ ನಾಲ್ಕೈದು ಬಗೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರೆ. ಆತುರದಲ್ಲಿ ಕೊಯ್ದ ಬೋರ್ಡೂ ಅಷ್ಟೇ.

ಈಗ ಹಾಳೆ, ಪೆನ್ನು ಇದ್ದರೆ ತಗೊಳ್ಳಿ. ಹಳೆಯ 8 ಬಿಟ್ ಕನ್ಸೋಲ್ ತೆರೆದರೆ ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಹಾಕಿ ಕೂರಿಸಿದ ಮೂರು ಕಾಲಿನ ಒಂದು ಬಿಡಿಭಾಗ ಕಾಣುತ್ತದೆ. ಮೇಲೆ 7805 ಅಂತ ಬರೆದಿರುತ್ತದೆ. ಅದು ರೆಗ್ಯುಲೇಟರ್, ಹೊರಗಿಂದ ಬಂದ ವೋಲ್ಟೇಜನ್ನು 5ಕ್ಕೆ ಇಳಿಸುವುದು ಅದರ ಕೆಲಸ. ಇಳಿಸುವುದು ಹೇಗೆ? ಮಿಕ್ಕಿದ್ದನ್ನು ಸುಮ್ನೆ ಶಾಖ ಮಾಡಿ ಹೊರಗೆ ಬಿಡುತ್ತದೆ. 9 ವೋಲ್ಟ್ ಬಂತು, ಕನ್ಸೋಲ್ ಅರ್ಧ ಆಂಪಿಯರ್ ಎಳೆಯಿತು ಅಂದುಕೊಳ್ಳಿ. ಆಟಕ್ಕೆ ಹೋಗುವುದು ಎರಡೂವರೆ ವ್ಯಾಟ್, ತಗಡು ಕಾಯಿಸುವುದಕ್ಕೆ 2 ವ್ಯಾಟ್. ಗೋಡೆಯ ಪ್ಲಗ್ಗಿಗೆ ಇದು ಲೆಕ್ಕಕ್ಕಿಲ್ಲ. ಬ್ಯಾಟರಿಗೆ ಹೆಚ್ಚೂಕಮ್ಮಿ ಅರ್ಧ ಆಯುಸ್ಸು ಹೋದ ಹಾಗೆ.

ಇನ್ನೊಂದು ತೊಂದರೆ ಇದೆ. ನಾವು ಬಳಸುವುದು ಸಾಮಾನ್ಯವಾಗಿ 18650 ಲಿಥಿಯಂ ಸೆಲ್. ಎರಡನ್ನು ಸಾಲಾಗಿ ಜೋಡಿಸಿದರೆ 7.4 ವೋಲ್ಟ್, ತುಂಬಿದಾಗ 8.4. ಆದರೆ 7805ಕ್ಕೆ ಸುಮಾರು 7 ವೋಲ್ಟಾದರೂ ಬೇಕು. ಸೆಲ್ಲಿನಲ್ಲಿ ಇನ್ನೂ ಚಾರ್ಜ್ ಉಳಿದಿರುವಾಗಲೇ ಆಟ ನಡುಗಿ ನಿಂತುಬಿಡುತ್ತದೆ. ಹಾಗಾಗಿ 7805 ತೆಗೆದು ಅದೇ ಮೂರು ತೂತಿಗೆ ಸ್ವಿಚಿಂಗ್ ರೆಗ್ಯುಲೇಟರ್, ಅಂದರೆ ಮಿಕ್ಕಿದ್ದನ್ನು ಶಾಖ ಮಾಡಿ ಕಳೆಯದೆ ವೋಲ್ಟೇಜ್ ಇಳಿಸುವಂಥದ್ದು ಹಾಕಿ. ಅದು ಅಷ್ಟೇನೂ ಬಿಸಿಯಾಗುವುದಿಲ್ಲ, ಆ ದೊಡ್ಡ ತಗಡೂ ಬೇಡವಾಗುತ್ತದೆ. 3000 ಎಂಎಎಚ್‌ನ ಎರಡು ಸೆಲ್ ಅಂದರೆ ಸುಮಾರು 22 ವ್ಯಾಟ್ ಅವರ್. ಸ್ಕ್ರೀನೂ ಸೇರಿ 5 ವ್ಯಾಟ್ ಎಳೆದರೆ ನಾಲ್ಕು ಗಂಟೆಗೆ ಮೋಸವಿಲ್ಲ. ಸೆಲ್‌ಗಳಿಗೆ ಪ್ರೊಟೆಕ್ಷನ್ ಬೋರ್ಡ್, ಅಂದರೆ ಚಾರ್ಜ್ ಅತಿಯಾದರೆ, ಶಾರ್ಟ್ ಆದರೆ ಕರೆಂಟ್ ಕಡಿದುಬಿಡುವ ಪುಟ್ಟ ಬೋರ್ಡ್, ಹಾಕಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಸ್ಕ್ರೀನಿಗೆ ತಲೆ ಕೆಡಿಸಿಕೊಳ್ಳಬೇಡಿ. ಕಾರು ಹಿಂದಕ್ಕೆ ತೆಗೆಯುವಾಗ ನೋಡುವ ಕ್ಯಾಮೆರಾದ ಸ್ಕ್ರೀನ್ ಚೆನ್ನಾಗಿ ಒಗ್ಗುತ್ತದೆ, ಕನ್ಸೋಲಿನಿಂದ ಒಂದೇ ವೈರಿನಲ್ಲಿ ಬರುವ ಚಿತ್ರವನ್ನು, ಅಂದರೆ ಕಾಂಪೋಸಿಟ್ ವಿಡಿಯೊವನ್ನು, ನೇರವಾಗಿ ತಗೊಳ್ಳುತ್ತದೆ. ಬಟನ್ನುಗಳಿಗೆ ಹಳೆಯ ಕಂಟ್ರೋಲರಿನ ಬೋರ್ಡನ್ನೇ ಬಳಸಿ. ಎನ್‌ಇಎಸ್‌ನದಾದರೆ ಐದೇ ವೈರು.

ಇನ್ನು ಕಾರ್ಟ್ರಿಜ್ ಸ್ಲಾಟ್. ಎನ್‌ಇಎಸ್‌ನಲ್ಲಿ 72 ಪಿನ್. ಜಾಗ ಬದಲಿಸಬೇಕಾದರೆ ಒಂದೊಂದಕ್ಕೂ ವೈರ್ ಎಳೆಯಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಎರಡು ರಾತ್ರಿ ಕೂತು ಎಲ್ಲವನ್ನೂ ಬೆಸೆದೆ. ಬೆಸುಗೆಗಳು ಮುತ್ತಿನ ಹಾಗಿದ್ದವು, ಬೀಗಿದ್ದೂ ಆಯಿತು. ಪವರ್ ಕೊಡುವ ಮುಂಚೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು 1ನೇ ಪಿನ್ ಮುಟ್ಟಿದೆ. ಸದ್ದಿಲ್ಲ, ಅಂದರೆ ಸಂಪರ್ಕವೇ ಇಲ್ಲ. ಬೋರ್ಡನ್ನು ಬೋರಲು ಹಾಕಿದಾಗ ಎಡ ಬಲವಾಗುತ್ತದೆ ಅನ್ನುವುದೇ ಮರೆತಿತ್ತು. ಅಷ್ಟೂ ವೈರುಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು! ಎಲ್ಲವನ್ನೂ ಕಿತ್ತೆ. ಬೋರ್ಡಾದರೂ ಉಳಿಯಿತು. ಅಂದಿನಿಂದ 1ನೇ ಪಿನ್ನಿಗೆ ಎರಡೂ ಬದಿಯಲ್ಲಿ ಮಾರ್ಕರಿನಿಂದ ಕೆಂಪು ಚುಕ್ಕೆ ಇಡುತ್ತೇನೆ. ವೈರುಗಳು ಗಿಡ್ಡ ಇರಲಿ. ಉದ್ದವಾದರೆ ಚಿತ್ರ ಚೆಲ್ಲಾಪಿಲ್ಲಿಯಾಗಬಹುದು.

ಒಂದು ಬದಲಾವಣೆ ಮಾಡಿ, ಒಮ್ಮೆ ಆನ್ ಮಾಡಿ ನೋಡಿ. ರೆಗ್ಯುಲೇಟರ್ ಬದಲಿಸಿದಿರಾ, ಟಿವಿಗೇ ಹಾಕಿ ನೋಡಿ. ಸ್ಕ್ರೀನ್ ಜೋಡಿಸಿದಿರಾ, ಮತ್ತೆ ನೋಡಿ. ಐದು ಕೆಲಸ ಮುಗಿಸಿ ಒಟ್ಟಿಗೆ ಆನ್ ಮಾಡಿ ಸುಮ್ಮನೆ ಕಪ್ಪು ಸ್ಕ್ರೀನ್ ಬಂದರೆ, ತಪ್ಪು ಎಲ್ಲಿ ಅಂತ ಹುಡುಕುತ್ತೀರಿ? ಪ್ರತಿ ಸಲ ಬಿಚ್ಚಿ ಕಟ್ಟುವುದು ಬೇಜಾರು, ಗೊತ್ತು. ಆದರೂ ಮಾಡಿ.

ಎಲ್ಲ ಓಡಿದ ಮೇಲೆ ಡಬ್ಬಿ ಮುಚ್ಚದೆ ಒಂದು ಗಂಟೆ ಆಡಿ. ನಡುನಡುವೆ ರೆಗ್ಯುಲೇಟರಿನ ಹತ್ತಿರ, ಸೆಲ್ಲಿನ ಹತ್ತಿರ ಬೆರಳು ಹಿಡಿದು ನೋಡಿ. ಸೆಲ್ ಬಿಸಿಯಾದರೆ ಅಲ್ಲೇ ನಿಲ್ಲಿಸಿ. ಆಮೇಲೆ ಸ್ಕ್ರೂ ತಗೊಳ್ಳಿ. ಒಂದೊಂದನ್ನೂ ಡಬ್ಬಿಯ ಹೊರಗಡೆ ಪಕ್ಕದಲ್ಲಿ ಹಿಡಿದು, ತುದಿ ಒಳಗೆ ಎಲ್ಲಿಯವರೆಗೆ ಹೋಗುತ್ತದೆ ಅಂತ ಅಳೆಯಿರಿ. ಸೆಲ್ ಇರುವ ಕಡೆ ಎರಡು ಮಿಲಿಮೀಟರ್ ಉದ್ದ ಜಾಸ್ತಿಯಾದರೂ ಆ ತುದಿ ನೇರ ಸೆಲ್ಲಿಗೇ ಚುಚ್ಚುತ್ತದೆ. ಅಲ್ಲಿಗೆ ಗಿಡ್ಡ ಸ್ಕ್ರೂ ಹಾಕಿ.

ನಮಸ್ಕಾರ.