ಸರಳ ಗಾಡಿಗೊಂದು ಸಾಫ್ಟ್‌ವೇರ್: ಚಿತ್ರಕ್ಕಿಂತ ಮೊದಲು ಅಳತೆಗಳ ನಂಟು

ಎಲ್ಲರಿಗೂ ನಮಸ್ಕಾರ.

ಸೈಕಲ್, ಮೂರು ಗಾಲಿಯ ಸಾಮಾನು ಗಾಡಿ, ಗಾಲಿಕುರ್ಚಿ, ತಳ್ಳುಗಾಡಿ. ಇಂಥ ಸರಳ ಗಾಡಿಗಳನ್ನು ವಿನ್ಯಾಸ ಮಾಡಲು ಸಾಫ್ಟ್‌ವೇರ್ ಬರೆಯುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ನಿಮ್ಮಲ್ಲಿ ಕೆಲವರು ಪ್ರೋಗ್ರಾಂ ಬರೆಯುವವರು, ಕೆಲವರು ಮೆಕ್ಯಾನಿಕಲ್ ಓದುತ್ತಿರುವವರು. ಈ ಕೆಲಸಕ್ಕೆ ಇಬ್ಬರೂ ಬೇಕು. ಜೊತೆಗೆ ಮೂರನೆಯವರೊಬ್ಬರು ಬೇಕು, ಅವರು ಇಲ್ಲಿಲ್ಲ. ಅವರು ಪೈಪ್ ಕತ್ತರಿಸಿ ವೆಲ್ಡಿಂಗ್ ಮಾಡುವವರು.

ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಾಫ್ಟ್‌ವೇರ್ ಸುಮ್ನೆ ಚಿತ್ರ ಬರೆಯುವ ಸಾಧನ ಆದರೆ ಸಾಲದು. ಒಂದು ಅಳತೆ ಬದಲಾದರೆ ಇನ್ಯಾವ ಅಳತೆ ಬದಲಾಗಬೇಕು, ಯಾವುದು ಬದಲಾಗಲೇಬಾರದು ಅನ್ನುವುದು ಅದಕ್ಕೆ ಗೊತ್ತಿರಬೇಕು. ಕೊನೆಗೆ ಅದರಿಂದ ಹೊರಬರುವ ಕಾಗದ ವೆಲ್ಡಿಂಗ್ ಶಾಪಿನಲ್ಲಿ ಕೆಲಸಕ್ಕೆ ಬರಬೇಕು.

ಈ ಯೋಚನೆ ಹೊಸದಲ್ಲ. 1963ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಅನ್ನುವ ಪ್ರೋಗ್ರಾಂ ಮಾಡಿದರು. ಬೆಳಕಿನ ಪೆನ್ನಿನಿಂದ ತೆರೆಯ ಮೇಲೆ ಗೆರೆ ಎಳೆಯಬಹುದಿತ್ತು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಈ ಎರಡು ಗೆರೆ ಸಮಾನಾಂತರ ಇರಲಿ ಅಂತ ಹೇಳಿದರೆ, ಆಮೇಲೆ ಏನೇ ಎಳೆದಾಡಿದರೂ ಯಂತ್ರ ಆ ಮಾತು ಉಳಿಸಿಕೊಳ್ಳುತ್ತಿತ್ತು. ಸುಮಾರು ಅದೇ ಕಾಲಕ್ಕೆ ಫ್ರಾನ್ಸಿನಲ್ಲಿ ಸಿಟ್ರೊಯೆನ್ ಕಂಪನಿಯ ಪೌಲ್ ದ ಕ್ಯಾಸ್ಟಲ್ಜೋ, ರೆನೋ ಕಂಪನಿಯ ಪಿಯರ್ ಬೆಝಿಯೆ ಕಾರಿನ ಮೈಯ ವಕ್ರರೇಖೆಗಳನ್ನು ಲೆಕ್ಕದಲ್ಲಿ ಹಿಡಿಯುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಪ್ರೋ-ಎಂಜಿನಿಯರ್ ಅನ್ನುವ ವಿನ್ಯಾಸದ ಸಾಫ್ಟ್‌ವೇರ್ ಬಂತು. ಒಂದು ಅಂಕಿ ತಿದ್ದಿದರೆ ಇಡೀ ಮಾದರಿ ತಾನೇ ಹೊಂದಿಕೊಳ್ಳುವುದು ದೊಡ್ಡ ಕಾರ್ಖಾನೆಗಳಲ್ಲಿ ದಿನನಿತ್ಯದ ಮಾತಾಯಿತು.

ಇದೆಲ್ಲ ಬೆಳೆದಿದ್ದು ಕಾರು, ವಿಮಾನ ಮಾಡುವವರ ದುಡ್ಡಿನಲ್ಲಿ. ಸಾಮಾನು ಗಾಡಿ ಮಾಡುವವರ ಹತ್ತಿರ ಇದು ಬರಲೇ ಇಲ್ಲ. ಅಲ್ಲಿ ಹಳೇ ಗಾಡಿಯೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಟೇಪ್ ಹಿಡಿದು, ಅದರಂತೆಯೇ ಇನ್ನೊಂದು ಮಾಡುತ್ತಾರೆ. ಇದನ್ನು ಕೀಳಾಗಿ ನೋಡಬೇಡಿ. ಹತ್ತಾರು ವರ್ಷ ರಸ್ತೆಯಲ್ಲಿ ಓಡಿ ಪಾಸಾದ ವಿನ್ಯಾಸ ಅದು. ಆದರೆ ಏನಾದರೂ ಒಂದು ಬದಲಾಯಿತು ಅಂದರೆ ನಕಲು ಕೈಕೊಡುತ್ತದೆ. ಹಳೇ ಸೈಜಿನ ಗಾಲಿ ಸಿಗುತ್ತಿಲ್ಲ, ಚಿಕ್ಕದು ಹಾಕಬೇಕು. ಅಥವಾ ಬ್ಯಾಟರಿ, ಮೋಟಾರ್ ಕೂರಿಸಬೇಕು. ಹಳೇ ಗಾಡಿಯಲ್ಲಿ ಆ ಅಳತೆ ಯಾಕೆ ಹಾಗಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಹಾಗಾದರೆ ಸಾಫ್ಟ್‌ವೇರ್ ಮೊದಲು ಏನು ಕೇಳಬೇಕು?

ನಾನು ನೋಡಿದ ಹೆಚ್ಚಿನ ಪ್ರೋಗ್ರಾಂಗಳು ತೆರೆದ ಕೂಡಲೇ ನಲವತ್ತು ಖಾಲಿ ಚೌಕ ಮುಂದಿಡುತ್ತವೆ. ಎಲ್ಲವನ್ನೂ ತುಂಬಿ ಅನ್ನುತ್ತವೆ. ಅಂಕಿಗಳೆಲ್ಲ ಒಂದೇ ಜಾತಿಯವಲ್ಲ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅದನ್ನು ನೀವೂ ಬದಲಿಸಲಾರಿರಿ, ನಾನೂ ಬದಲಿಸಲಾರೆ. ನಮ್ಮ ಹಳೇ ಕರೀ ಸೈಕಲ್ಲಿನ 28 ಇಂಚಿನ ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ 635 ಮಿ.ಮೀ. ಗೇರ್ ಸೈಕಲ್ಲುಗಳ 700ಸಿ ರಿಮ್ಮಿನಲ್ಲಿ ಅದು 622. ಟೈರಿನ ಮೇಲೆ ಎರಡಕ್ಕೂ 28 ಅಂತ ಬರೆದಿರಬಹುದು, ಆದರೆ ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಇಂಥವೆಲ್ಲ ಅಂಗಡಿಯಲ್ಲಿ ಸಿಗುವ ವಸ್ತುಗಳು. ಪಟ್ಟಿಯಿಂದ ಆರಿಸಲು ಬಿಡಬೇಕು, ಟೈಪ್ ಮಾಡಲು ಬಿಡಬಾರದು. ಸವಾರನ ಕಾಲಿನ ಉದ್ದ, ಹೊರಬೇಕಾದ ಭಾರ, ಪೆಟ್ಟಿಗೆಯ ಗಾತ್ರ ಇವನ್ನು ಮನುಷ್ಯನೇ ಹೇಳಬೇಕು. ಉಳಿದದ್ದು ಲೆಕ್ಕದಿಂದ ಬರಬೇಕು.

ಲೆಕ್ಕದಿಂದ ಬರುವ ಒಂದು ಅಂಕಿಯನ್ನು ಹತ್ತಿರದಿಂದ ನೋಡೋಣ. ಸೈಕಲ್ಲಿನ ಹ್ಯಾಂಡಲ್ ತಿರುಗುವ ಅಕ್ಷ ಓರೆಯಾಗಿರುತ್ತದೆ ಅಲ್ವಾ? ಆ ಅಕ್ಷವನ್ನು ಕೆಳಗೆ ಎಳೆದರೆ ನೆಲವನ್ನು ಒಂದು ಕಡೆ ಮುಟ್ಟುತ್ತದೆ. ಟೈರ್ ನೆಲವನ್ನು ಮುಟ್ಟುವುದು ಅದಕ್ಕಿಂತ ಸ್ವಲ್ಪ ಹಿಂದೆ. ಇವೆರಡರ ನಡುವಿನ ದೂರಕ್ಕೆ ಟ್ರೇಲ್ ಅನ್ನುತ್ತಾರೆ. ನೆಲದೊಂದಿಗೆ ಅಕ್ಷದ ಕೋನ 73 ಡಿಗ್ರಿ, ಗಾಲಿಯ ತ್ರಿಜ್ಯ 336 ಮಿ.ಮೀ., ಮುಂದಿನ ಗಾಲಿ ಹಿಡಿಯುವ ಕವಲು, ಅಂದರೆ ಫೋರ್ಕ್, ಮುಂದಕ್ಕೆ ಬಾಗಿರುವುದು 45 ಮಿ.ಮೀ. ಅಂತ ಇಟ್ಟುಕೊಳ್ಳಿ. ಟ್ರೇಲ್ ಸುಮಾರು 56 ಮಿ.ಮೀ. ಬರುತ್ತದೆ. ಈಗ ಅದೇ ಕೋನ, ಅದೇ ಬಾಗು ಇಟ್ಟುಕೊಂಡು 225 ಮಿ.ಮೀ. ತ್ರಿಜ್ಯದ 20 ಇಂಚಿನ ಗಾಲಿಗೆ ಫ್ರೇಮ್ ಬರೆಯಿರಿ. ಟ್ರೇಲ್ 22ಕ್ಕೆ ಇಳಿಯುತ್ತದೆ. ಚಿತ್ರದಲ್ಲಿ ಎರಡೂ ಚೆನ್ನಾಗಿಯೇ ಕಾಣುತ್ತವೆ. ಹ್ಯಾಂಡಲ್ ಹಿಡಿದವನಿಗೆ ಎರಡೂ ಬೇರೆ ಬೇರೆ ಗಾಡಿಗಳು. ಗಾಲಿ ಬದಲಿಸಿದ ಕ್ಷಣವೇ ಈ ಅಂಕಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನು ಸಾಫ್ಟ್‌ವೇರ್ ಕಣ್ಣೆದುರಿಗೆ ತರಬೇಕು.

ಹಾಗಂತ ಕೆಂಪು ದೀಪ ಹಚ್ಚಿ ಇದು ತಪ್ಪು ಅನ್ನಬಾರದು. ಟ್ರೇಲ್ ಇಲ್ಲದಿದ್ದರೆ, ಗಾಲಿಯ ಗೈರೋಸ್ಕೋಪ್ ಪರಿಣಾಮ, ಅಂದರೆ ತಿರುಗುತ್ತಿರುವ ಗಾಲಿ ತನ್ನ ಅಕ್ಷದ ದಿಕ್ಕು ಬಿಡಲು ಒಪ್ಪದ ಗುಣ, ಇಲ್ಲದಿದ್ದರೆ ಸೈಕಲ್ ತಾನಾಗಿ ನೆಟ್ಟಗೆ ಓಡುವುದಿಲ್ಲ ಅಂತ ಬಹಳ ಜನ ನಂಬಿದ್ದರು. 2011ರಲ್ಲಿ ಕೂಯ್‌ಮನ್, ಮೇಯಾರ್ಡ್, ಪಾಪಡೋಪೌಲಸ್, ರುಯಿನಾ, ಶ್ವಾಬ್ ಅನ್ನುವ ಸಂಶೋಧಕರು ಸೇರಿ ಇವೆರಡೂ ಇಲ್ಲದ ಒಂದು ಸೈಕಲ್ ಕಟ್ಟಿದರು. ಸವಾರನಿಲ್ಲದೆಯೂ ಅದು ಬೀಳದೆ ಓಡಿತು. ಸಮತೋಲನದಲ್ಲಿ ತೂಕ ಎಲ್ಲಿ ಹಂಚಿದೆ ಅನ್ನುವುದಕ್ಕೂ ಪಾಲಿದೆ. ಆದ್ದರಿಂದ ಸಾಫ್ಟ್‌ವೇರ್ ಅಂಕಿ ತೋರಿಸಲಿ, ಬಳಕೆಯಲ್ಲಿರುವ ಗಾಡಿಗಳ ಅಂಕಿಯನ್ನು ಪಕ್ಕದಲ್ಲಿ ಇಡಲಿ. ತೀರ್ಮಾನ ಮನುಷ್ಯನದಾಗಿರಲಿ.

ಮೂರು ಗಾಲಿಯ ಗಾಡಿಯಲ್ಲಿ ಮಾತ್ರ ನಾನು ಇಷ್ಟು ಉದಾರವಾಗಿ ಮಾತಾಡುವುದಿಲ್ಲ. ಅದು ಮಗುಚುತ್ತದೆ. ಮುಂದೆ ಒಂದು ಗಾಲಿ, ಹಿಂದೆ ಎರಡು. ಹಿಂದಿನ ಗಾಲಿಗಳ ನಡುವೆ 90 ಸೆಂ.ಮೀ., ಮುಂದಿನಿಂದ ಹಿಂದಿನ ಗಾಲಿಗೆ 150 ಸೆಂ.ಮೀ. ಗಾಡಿ, ಸವಾರ, ಸಾಮಾನು ಸೇರಿ ತೂಕದ ಕೇಂದ್ರ ಮುಂದಿನ ಗಾಲಿಯಿಂದ 100 ಸೆಂ.ಮೀ. ಹಿಂದೆ, ನೆಲದಿಂದ 80 ಸೆಂ.ಮೀ. ಮೇಲೆ ಇದೆ ಅನ್ನೋಣ. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 15 ಕಿ.ಮೀ. ವೇಗಕ್ಕೆ ಒಳಗಿನ ಗಾಲಿ ಮೇಲೇಳುತ್ತದೆ. ಈಗ ಮೂಟೆಗಳನ್ನು ಎತ್ತರಕ್ಕೆ ಪೇರಿಸಿ, ತೂಕದ ಕೇಂದ್ರ 20 ಸೆಂ.ಮೀ. ಮೇಲೆ ಹೋಯಿತು ಅನ್ನಿ. ಆ ವೇಗ ಸುಮಾರು 13.8ಕ್ಕೆ ಇಳಿಯುತ್ತದೆ. ಎತ್ತರ ಹೆಚ್ಚಿಸದೆ ಕೇಂದ್ರವನ್ನು 20 ಸೆಂ.ಮೀ. ಮುಂದಕ್ಕೆ ತಂದರೂ ಅಷ್ಟೇ ಇಳಿಯುತ್ತದೆ. ಎತ್ತರಕ್ಕೆ ಪೇರಿಸಿದರೆ ಅಪಾಯ ಅಂತ ಗಾಡಿ ಓಡಿಸುವ ಎಲ್ಲರಿಗೂ ಗೊತ್ತು. ಮುಂದಕ್ಕೆ ತಂದರೂ ಅಪಾಯ ಅನ್ನುವುದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಮುಂದೆ ಹೋದಷ್ಟೂ ಕಾಲೂರುವ ಜಾಗ ಕಿರಿದಾಗುತ್ತದೆ, ಅಷ್ಟೇ ಕಾರಣ.

ಮೋಟಾರ್ ಹಾಕುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ತುಳಿಯುವ ಗಾಡಿ ತಿರುವಿನಲ್ಲಿ ತಾನಾಗಿ ನಿಧಾನ ಆಗುತ್ತಿತ್ತು. ಮೋಟಾರ್ ಗಾಡಿ ಆಗುವುದಿಲ್ಲ. ಬ್ಯಾಟರಿ ಇಡುವ ಜಾಗವನ್ನು ಕೊನೆಗೆ ಖಾಲಿ ಉಳಿದ ಮೂಲೆಯಲ್ಲಿ ಹುಡುಕಬಾರದು. ಮೊದಲ ದಿನದಿಂದಲೇ ಅದು ಈ ಲೆಕ್ಕದೊಳಗೆ ಇರಬೇಕು.

ಇನ್ನು ಪೈಪಿನ ವಿಷಯ. ನನ್ನ ಮಟ್ಟಿಗೆ ಇಡೀ ಸಾಫ್ಟ್‌ವೇರಿನ ಬೆಲೆ ತೀರ್ಮಾನ ಆಗುವುದು ಇಲ್ಲೇ.

ಕಬ್ಬಿಣದ ಪೈಪ್ ಸಾಮಾನ್ಯವಾಗಿ ಬರುವುದು 6 ಮೀಟರ್ ಉದ್ದದಲ್ಲಿ. ನಿಮ್ಮ ಪೆಟ್ಟಿಗೆಯ ಉದ್ದದ ಪಟ್ಟಿಗಳು 2.05 ಮೀಟರ್ ಅಂತ ಇಟ್ಟಿದ್ದೀರಿ. ಒಂದು ಪೈಪಿನಲ್ಲಿ ಎರಡೇ ಬರುತ್ತವೆ. ಸುಮಾರು 1.9 ಮೀಟರ್ ತುಂಡು ಉಳಿಯುತ್ತದೆ. ಅದನ್ನೇ 1.99 ಮೀಟರ್ ಮಾಡಿ. ಬ್ಲೇಡ್ ತಿನ್ನುವ ಎರಡು ಮೂರು ಮಿಲಿಮೀಟರ್ ಕಳೆದರೂ ಮೂರು ಬರುತ್ತವೆ. ಪೆಟ್ಟಿಗೆ ಚಿಕ್ಕದಾಗಿದ್ದು ಬರೀ 6 ಸೆಂ.ಮೀ. ಅನುಭವ ಇರುವ ಫ್ಯಾಬ್ರಿಕೇಟರ್ ಇದನ್ನು ಬಾಯಿಲೆಕ್ಕದಲ್ಲೇ ಹೇಳುತ್ತಾರೆ. ಕಂಪ್ಯೂಟರ್ ಮುಂದೆ ಕೂತವರಿಗೆ ತೆರೆಯ ಮೇಲೆ ಪೈಪ್ ಎಷ್ಟು ಬೇಕಾದರೂ ಉದ್ದಕ್ಕೆ ಸಿಗುತ್ತದೆ, ಅದಕ್ಕೇ ತಲೆಗೆ ಹೋಗುವುದಿಲ್ಲ. ಉದ್ದ ಬದಲಿಸಿದಾಗಲೆಲ್ಲ ಎಷ್ಟು ಪೈಪ್ ಬೇಕು, ಎಷ್ಟು ತುಂಡು ಉಳಿಯಿತು ಅಂತ ಪಕ್ಕದಲ್ಲೇ ತೋರಿಸುವ ಕೋಡ್ ಬರೆಯುವುದು ಕಷ್ಟವೇನಲ್ಲ. ದೊಡ್ಡ ತುಂಡುಗಳನ್ನು ಮೊದಲು ಜೋಡಿಸುತ್ತಾ ಹೋಗುವ ಸರಳ ವಿಧಾನವೇ ಗಾಡಿಯ ಮಟ್ಟಿಗೆ ಸಾಕು.

ದಪ್ಪದ ಮಾತೂ ಹಾಗೇ. ಶಾಪಿನಲ್ಲಿ 16 ಗೇಜ್, 18 ಗೇಜ್ ಅನ್ನುತ್ತಾರೆ. ಒಂದು ಸುಮಾರು 1.6 ಮಿ.ಮೀ., ಇನ್ನೊಂದು 1.2. ಗೇಜಿನ ಸಂಖ್ಯೆ ಏರಿದರೆ ದಪ್ಪ ಇಳಿಯುತ್ತದೆ. ಒಳಗೆ ಎಲ್ಲ ಮಿಲಿಮೀಟರಿನಲ್ಲೇ ಇಡಿ, ಹೊರಗೆ ಅವರಾಡುವ ಅಳತೆಯಲ್ಲಿ ತೋರಿಸಿ.

ಪೈಪ್ ಇನ್ನೊಂದು ಪೈಪಿಗೆ ಕೂಡುವ ಜಾಗದಲ್ಲಿ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊಯ್ಯಬೇಕು. ನೇರವಾಗಿ ಕತ್ತರಿಸಿ ಇಟ್ಟರೆ ಎರಡು ಬದಿಯಲ್ಲಿ ಸಂದು ಬೀಳುತ್ತದೆ. ತೆಳು ಪೈಪಿನಲ್ಲಿ ಆ ಸಂದನ್ನು ವೆಲ್ಡಿಂಗಿನಿಂದ ತುಂಬಲು ಹೋದರೆ ಪೈಪ್ ಸುಟ್ಟು ತೂತಾಗುತ್ತದೆ. ಈ ಬಾಯಿಯ ಆಕಾರ ಎರಡು ಪೈಪಿನ ವ್ಯಾಸ, ನಡುವಿನ ಕೋನ ಇಷ್ಟರಿಂದಲೇ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ಬಿಡಿಸಿ ಚಪ್ಪಟೆ ಮಾಡಿ ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಪ್ರಿಂಟ್ ಮಾಡಬಹುದು. ಕಾಗದ ಕತ್ತರಿಸಿ, ಪೈಪಿಗೆ ಸುತ್ತಿ, ಗೆರೆ ಎಳೆದು, ಹ್ಯಾಕ್ಸಾದಲ್ಲಿ ಕೊಯ್ದು, ಅರದಿಂದ ಉಜ್ಜಿದರೆ ಸರಿಯಾಗಿ ಕೂರುತ್ತದೆ. ಲಕ್ಷಗಟ್ಟಲೆ ಬೆಲೆಯ ಲೇಸರ್ ಯಂತ್ರ ಬೇಕಿಲ್ಲ.

ಆದರೆ ಪ್ರಿಂಟರ್‌ಗಳು ಪುಟಕ್ಕೆ ಹೊಂದಿಸುವ ನೆಪದಲ್ಲಿ ಚಿತ್ರವನ್ನು ಹೇಳದೆ ಕೇಳದೆ ಕುಗ್ಗಿಸುತ್ತವೆ. ಪ್ರತಿ ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಉದ್ದದ ಗೆರೆ ಹಾಕಿ. ಸ್ಕೇಲ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಇನ್ನೂ ಒಳ್ಳೆಯದು, ಕಾಗದದ ಅಗಲವನ್ನು ಪೈಪಿನ ಸುತ್ತಳತೆಗೆ ಸರಿಯಾಗಿ ಇಡಿ. ಹೊರವ್ಯಾಸ ಒಂದು ಇಂಚಿರುವ ಪೈಪಿಗೆ ಅದು 79.8 ಮಿ.ಮೀ. ಸುತ್ತಿದಾಗ ಎರಡು ಅಂಚು ಕೂಡಿದರೆ ಪ್ರಿಂಟ್ ಸರಿ ಇದೆ. ಪ್ರಿಂಟರ್ ನೂರಕ್ಕೆ ನಾಲ್ಕು ಕುಗ್ಗಿಸಿದ್ದರೆ ಮೂರು ಮಿಲಿಮೀಟರ್ ಸಂದು ಕಾಣುತ್ತದೆ. ಓದು ಬರಹ ಬಾರದವರಿಗೂ ತಪ್ಪು ಕೈಗೇ ತಿಳಿಯುತ್ತದೆ. ಇಂಥ ಸಣ್ಣ ಉಪಾಯಗಳೇ ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟ.

ಕಾಗದದ ಮೇಲಿನ ಮಾತು ಕನ್ನಡದಲ್ಲಿರಲಿ. ಇದರಲ್ಲಿ ಒಂದು ತಾಂತ್ರಿಕ ತೊಡಕಿದೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುವ ಸರಳ ಪಿಡಿಎಫ್ ಲೈಬ್ರರಿಗಳಲ್ಲಿ, ಅಂದರೆ ಪಿಡಿಎಫ್ ಮಾಡಿಕೊಡುವ ಸಿದ್ಧ ಕೋಡಿನಲ್ಲಿ, ನಮ್ಮ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗುತ್ತವೆ. ಹಾರ್ಫ್‌ಬಝ್‌ನಂಥ ಅಕ್ಷರ ಜೋಡಿಸುವ ಎಂಜಿನ್ ಬಳಸುವ ಲೈಬ್ರರಿಯನ್ನೇ ಆರಿಸಿಕೊಳ್ಳಿ.

ಸಾಫ್ಟ್‌ವೇರನ್ನು ಸೊನ್ನೆಯಿಂದ ಬರೆಯಬೇಕೇ? ಬೇಕಿಲ್ಲ. ಫ್ರೀಕ್ಯಾಡ್ ಅನ್ನುವ ವಿನ್ಯಾಸದ ಸಾಫ್ಟ್‌ವೇರ್ 2002ರಿಂದ ಬೆಳೆಯುತ್ತಾ ಬಂದಿದೆ, 2024ರ ನವೆಂಬರ್‌ನಲ್ಲಿ ಅದರ 1.0 ಆವೃತ್ತಿ ಬಂತು. ಉಚಿತ, ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂನಿಂದ ನಡೆಸಬಹುದು. ಅದರ ಹಳೇ ಆವೃತ್ತಿಗಳಲ್ಲಿ ಒಂದು ದೊಡ್ಡ ತಲೆನೋವಿತ್ತು. ವಸ್ತುವಿನ ಮುಖಗಳಿಗೆ ಅದು ತಾನೇ ನಂಬರ್ ಕೊಡುತ್ತಿತ್ತು. ಮೊದಲಿನ ಒಂದು ಅಳತೆ ತಿದ್ದಿದರೆ ಆರನೇ ಮುಖ ಏಳನೆಯದಾಗಿ, ನೀವು ಕೊರೆದ ತೂತು ಇನ್ನೊಂದು ಬದಿಗೆ ಹಾರುತ್ತಿತ್ತು. 1.0ರಲ್ಲಿ ಇದು ಬಹಳಮಟ್ಟಿಗೆ ಸರಿಹೋಗಿದೆ. ಆದರೂ ನನ್ನ ಸಲಹೆ ಇಷ್ಟು: ಯಾವುದನ್ನೂ ಮುಖಕ್ಕೆ ನೇತುಹಾಕಬೇಡಿ. ನೆಲದ ಗೆರೆ, ಗಾಲಿಯ ಅಚ್ಚು, ಪೆಡಲ್ ತಿರುಗುವ ಕೇಂದ್ರ ಇವಕ್ಕೆ ಹೆಸರು ಕೊಡಿ. ಎಲ್ಲ ಭಾಗವೂ ಇವುಗಳಿಂದಲೇ ಅಳತೆ ತೆಗೆದುಕೊಳ್ಳಲಿ. ಅಂಕಿಗಳೆಲ್ಲ ಒಂದು ಸಾದಾ ಪಠ್ಯದ ಫೈಲಿನಲ್ಲಿರಲಿ. ಪ್ರತಿ ಅಂಕಿಯ ಪಕ್ಕ ಯಾಕೆ ಅಂತ ಬರೆಯಲು ಒಂದು ಜಾಗ ಇರಲಿ. ಆ ಜಾಗವನ್ನು ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಮತ್ತೆ ಮತ್ತೆ ಕೇಳಲಿ.

ಗಾಡಿಯಂಥ ಗಾಡಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯನ್ನು ಸುಧಾರಿಸಲು ವರ್ಷಗಟ್ಟಲೆ ದುಡಿದರು. ನೊಗ, ಗಾಲಿ, ಎತ್ತಿನ ಹೆಗಲಿನ ನೋವು ಇವೆಲ್ಲ ಅವರಿಗೆ ದೇಶದ ಸಾರಿಗೆಯ ಪ್ರಶ್ನೆಯಾಗಿದ್ದವು. ಅಮೆರಿಕದ ರಾಲ್ಫ್ ಹಾಚ್‌ಕಿಸ್ ಸ್ವತಃ ಗಾಲಿಕುರ್ಚಿ ಬಳಸುವ ಎಂಜಿನಿಯರ್. ಬಡ ದೇಶಗಳ ಸಣ್ಣ ವರ್ಕ್‌ಶಾಪುಗಳಲ್ಲೇ ಮಾಡಿ, ಅಲ್ಲೇ ರಿಪೇರಿ ಮಾಡಬಹುದಾದ ಕುರ್ಚಿಗಳನ್ನು ಅವರು ಅಲ್ಲಿನ ಜನರ ಜೊತೆಗೇ ಕೂತು ರೂಪಿಸಿದರು. ಸರಳ ಗಾಡಿಯನ್ನು ಇವರು ಎಷ್ಟು ಗಂಭೀರವಾಗಿ ತೆಗೆದುಕೊಂಡರೋ, ಸಾಫ್ಟ್‌ವೇರ್ ಬರೆಯುವ ನಾವೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಒಂದು ಎಚ್ಚರಿಕೆ. ಗಟ್ಟಿತನದ ಬಗ್ಗೆ ಸಾಫ್ಟ್‌ವೇರ್ ಭರವಸೆ ಕೊಡಬಾರದು. ಸೈಕಲ್ಲಿಗೆ ಐಎಸ್‌ಒ 4210 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಫ್ರೇಮಿನ ಮೇಲೆ ಪೆಡಲ್ ತುಳಿತದ ಬಲವನ್ನು 1,00,000 ಸಲ ಹಾಕಿ ನೋಡುತ್ತಾರೆ. ಗಾಡಿ ಮುರಿಯುವುದು ಒಂದೇ ಏಟಿಗೆ ಅಲ್ಲ, ಸಣ್ಣ ಬಲ ಮತ್ತೆ ಮತ್ತೆ ಬಿದ್ದು. ಅದೂ ಹೆಚ್ಚಾಗಿ ವೆಲ್ಡಿಂಗಿನ ಅಂಚಿನಲ್ಲಿ. ಆ ವೆಲ್ಡಿಂಗ್ ಹೇಗೆ ಬಿದ್ದಿದೆ ಅನ್ನುವುದು ಬಲ ಎಲ್ಲಿ ಎಷ್ಟು ಬೀಳುತ್ತದೆ ಅಂತ ತೆರೆಯ ಮೇಲೆ ತೋರಿಸುವ ಬಣ್ಣಬಣ್ಣದ ಚಿತ್ರಕ್ಕೆ ಕಾಣುವುದಿಲ್ಲ. ಈ ಫ್ರೇಮ್ ಪರೀಕ್ಷೆಗೆ ಒಳಗಾಗಿಲ್ಲ ಅನ್ನುವ ಸಾಲು ಪ್ರತಿ ಹಾಳೆಯಲ್ಲೂ ತಾನಾಗಿ ಅಚ್ಚಾಗಬೇಕು. ಪರೀಕ್ಷೆ ಆಗಿದ್ದರೆ ಯಾವಾಗ, ಎಷ್ಟು ಭಾರಕ್ಕೆ ಅಂತ ಬರೆದ ಮೇಲೆ ಮಾತ್ರ ಅದು ಹೋಗಬೇಕು.

ಶುರು ಮಾಡಬೇಕು ಅನ್ನುವವರು ಎಲ್ಲ ಗಾಡಿಗೂ ಆಗುವ ಸಾಫ್ಟ್‌ವೇರ್ ಬರೆಯಲು ಹೋಗಬೇಡಿ. ನಿಮ್ಮ ಊರಿನ ಮಾರ್ಕೆಟ್ಟಿನಲ್ಲಿ ಓಡುತ್ತಿರುವ ಒಂದೇ ಒಂದು ಗಾಡಿಯನ್ನು ಆರಿಸಿ. ಅದನ್ನು ಓಡಿಸುವವರನ್ನೂ, ಮಾಡಿದವರನ್ನೂ ಕೇಳಿ ಅಳತೆ ತೆಗೆಯಿರಿ. ನಿಮ್ಮ ಪ್ರೋಗ್ರಾಂ ಮೊದಲು ಆ ಗಾಡಿಯನ್ನು ಇದ್ದಹಾಗೇ ಬರೆಯಲಿ. ಆಮೇಲೆ ಗಾಲಿಯ ಗಾತ್ರ ಒಂದನ್ನು ಬದಲಿಸಿ, ಬಂದ ಹಾಳೆಗಳನ್ನು ವೆಲ್ಡಿಂಗ್ ಶಾಪಿಗೆ ಕೊಡಿ. ಪಕ್ಕದಲ್ಲಿ ನಿಂತು ವಿವರಿಸಬೇಡಿ, ಬಂದುಬಿಡಿ. ಅವರು ಫೋನ್ ಮಾಡಿ ಏನು ಕೇಳುತ್ತಾರೋ ಅದನ್ನೆಲ್ಲ ಬರೆದುಕೊಳ್ಳಿ. ಎರಡನೇ ಆವೃತ್ತಿಯಲ್ಲಿ ಏನಿರಬೇಕು ಅನ್ನುವ ಪಟ್ಟಿ ಅದೇ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.