ಹನುಕ್ಕಾ ಅಡುಗೆ: ಬಾಣಲೆ ಮುಂದೆ ನಿಲ್ಲೋರು ಯಾರು?

ಈ ಆಲೂಗಡ್ಡೆ ಸಿಪ್ಪೆ ರಾಶಿ ನೋಡಿ. 5 ಪೌಂಡಿನ ಚೀಲ ಪೂರ್ತಿ ಖಾಲಿ, ಅಂದ್ರೆ ಹತ್ರತ್ರ ಎರಡೂಕಾಲು ಕೆ.ಜಿ. ಇವತ್ತು ಭಾನುವಾರ, ಡಿಸೆಂಬರ್ 21. ಹೊರಗಡೆ ನ್ಯೂಜೆರ್ಸಿ ಚಳಿ. ಸಂಜೆಗೆ ಹದಿನಾಲ್ಕು ಜನ ಬರ್ತಾರೆ, ಯಾಕಂದ್ರೆ ಯಹೂದಿಗಳ ದೀಪದ ಹಬ್ಬ ಹನುಕ್ಕಾದ ಎಂಟನೇ ರಾತ್ರಿ, ಕೊನೇದು.

ಹೊಸದಾಗಿ ನೋಡ್ತಿರೋರಿಗೆ: ನಮ್ಮ ಯಜಮಾನ್ರು ಯಹೂದಿ, ನಾನು ಮೈಸೂರಿನೋಳು. ಎರಡು ಸಾವಿರ ವರ್ಷಕ್ಕೂ ಹಿಂದೆ ಜೆರುಸಲೇಮಿನ ದೇವಾಲಯವನ್ನ ಯಹೂದಿಗಳು ಮತ್ತೆ ವಶಕ್ಕೆ ತಗೊಂಡಾಗ, ದೀಪಕ್ಕೆ ಒಂದು ದಿನಕ್ಕಾಗೋಷ್ಟೇ ಎಣ್ಣೆ ಸಿಕ್ತಂತೆ. ಅದು ಎಂಟು ದಿನ ಉರೀತು ಅನ್ನೋದು ಕಥೆ. ಅದಕ್ಕೇ ಎಂಟು ರಾತ್ರಿ ದೀಪ, ಅದಕ್ಕೇ ಎಣ್ಣೇಲಿ ಕರಿದ ತಿಂಡಿ. ಪವಾಡ ನೆನೆಸ್ಕೊಳ್ಳೋಕೆ ಬೋಂಡ ತಿನ್ನೋ ಥರ. ಈ ತರ್ಕ ನನಗಂತೂ ಮೊದಲನೇ ದಿನಾನೇ ಒಪ್ಪಿಗೆ ಆಯ್ತು.

ತೊಂದರೆ ಏನು ಅಂದ್ರೆ, ನಮ್ಮನೇಲಿ ದೋಸೆ ದಿನ ಆಗೋದೇ ಇಲ್ಲೂ ಆಗೋದು. ಎಲ್ರೂ ಬಿಸಿಬಿಸಿ ತಿಂತಾರೆ, ಕಾವಲಿ ಮುಂದೆ ನಿಂತೋಳಿಗೆ ಕೊನೇ ದೋಸೆ, ಅದೂ ಚಟ್ನಿ ಮುಗಿದ ಮೇಲೆ. ಹೋದ ವರ್ಷ ಲಾಟ್ಕೆ (ತುರಿದ ಆಲೂಗಡ್ಡೆ ತಟ್ಟಿ ಕರಿಯೋ ತಿಂಡಿ), ಡೋನಟ್ ಎರಡೂ ಮನೇಲೇ ಕರೀತೀನಿ ಅಂತ ಹೊರಟಿದ್ದೆ. ಎರಡು ಗಂಟೆ ಒಲೆ ಮುಂದೆ. ಹೊಗೆ ಅಲಾರಂ ಎರಡು ಸಲ ಹೊಡ್ಕೊಳ್ತು. ದೀಪ ಹಚ್ಚಿದ್ದು ನಾನು ನೋಡಲೇ ಇಲ್ಲ.

ಆಮೇಲೆ ನಮ್ಮತ್ತೆ ಹೇಳಿದ್ರು, ದೀಪ ಉರಿಯೋವಷ್ಟು ಹೊತ್ತು ಹೆಂಗಸರು ಕೆಲಸ ಮಾಡಬಾರದು ಅಂತ ಒಂದು ಹಳೇ ಪದ್ಧತಿ ಇದೆಯಂತೆ. ಕಡಿಮೆ ಅಂದ್ರೂ ಅರ್ಧ ಗಂಟೆ. ಇದನ್ನ ಮುಂಚೇನೇ ಹೇಳಬಾರದಿತ್ತಾ ಅತ್ತೆ! ಈ ವರ್ಷ ನಾನು ಮೆನು ಹಾಕಿದ್ದೇ ಆ ಅರ್ಧ ಗಂಟೆ ಲೆಕ್ಕದ ಮೇಲೆ. ನ್ಯೂಜೆರ್ಸಿಲಿ ಈಗ ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಾನೆ. ಐದು ಗಂಟೆಗೆ ದೀಪ. ಐದರಿಂದ ಐದೂವರೆ ನಾನು ಕುರ್ಚಿ ಮೇಲೆ.

ಮೊದಲು ಕೈಬಿಟ್ಟಿದ್ದು ಮಾಂಸ. ಹಬ್ಬ ಅಂದ್ರೆ ಅತ್ತೆ ಮನೇಲಿ ಬ್ರಿಸ್ಕೆಟ್, ದನದ ಎದೆ ಭಾಗದ ಮಾಂಸ, ಗಂಟೆಗಟ್ಟಲೆ ಬೇಯಿಸಿದ್ದು. ಇವತ್ತು ಬರೋ ಎರಡು ಕನ್ನಡದ ಕುಟುಂಬ ಅದನ್ನ ಮುಟ್ಟಲ್ಲ, ಅದು ಒಂದು. ಇನ್ನೊಂದು, ನಮ್ಮನೇಲಿ ಕೋಷರ್, ಅಂದ್ರೆ ಯಹೂದಿಗಳ ಊಟದ ನಿಯಮ, ಅಷ್ಟೇನೂ ಕಟ್ಟುನಿಟ್ಟಲ್ಲ, ಆದ್ರೂ ಮಾಂಸ, ಹಾಲು ಒಂದೇ ಊಟದಲ್ಲಿ ಸೇರಿಸಲ್ಲ. ಬ್ರಿಸ್ಕೆಟ್ ಬಂದ್ರೆ ಲಾಟ್ಕೆ ಜೊತೆ ತಿನ್ನೋ ಸೌರ್ ಕ್ರೀಮ್ (ಹುಳಿ ಕೆನೆ) ಹೋಯ್ತು. ಸೌರ್ ಕ್ರೀಮ್ ಇಲ್ದೆ ಲಾಟ್ಕೆ ತಿನ್ನೋಕೆ ನನ್ನ ಮಗಳು ತಯಾರಿಲ್ಲ. ಅತ್ತೆ ಒಪ್ತಾರೋ ಇಲ್ವೋ ಅಂತ ಭಯ ಇತ್ತು. ಅವರೇ ಯೂದಿತ್ ಕಥೆ ತೆಗೆದ್ರು. ಶತ್ರು ಸೇನಾಪತಿಗೆ ಉಪ್ಪುಪ್ಪಾದ ಚೀಸ್ ತಿನ್ನಿಸಿ, ಬಾಯಾರಿದಾಗ ವೈನ್ ಕುಡಿಸಿ, ಮತ್ತಿನಲ್ಲಿದ್ದಾಗ ತಲೆ ತೆಗೆದೋಳು. ಅವಳ ನೆನಪಿಗೆ ಹನುಕ್ಕಾದಲ್ಲಿ ಹಾಲಿನ ಪದಾರ್ಥ ತಿನ್ನೋದೂ ಸಂಪ್ರದಾಯವೇ ಅಂತೆ. ಆಲೂಗಡ್ಡೆ ಬರೋಕೆ ಎಷ್ಟೋ ಮುಂಚೆ ಚೀಸಿನ ಲಾಟ್ಕೆ ಇತ್ತು. ಪೂರ್ವ ಯುರೋಪಿನ ಯಹೂದಿಗಳ ಬಾಣಲೆಗೆ ಆಲೂಗಡ್ಡೆ ಬಿದ್ದಿದ್ದು 19ನೇ ಶತಮಾನದಲ್ಲಿ. ಸೌರ್ ಕ್ರೀಮ್ ತಗೊಳ್ಳುವಾಗ ಡಬ್ಬಿ ಹಿಂದೆ ಓದಿ, ಕೆಲವಕ್ಕೆ ಜೆಲಟಿನ್ ಹಾಕಿರ್ತಾರೆ, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯೋದು. ಕೋಷರ್‌ಗೂ ಕಷ್ಟ, ಸಸ್ಯಾಹಾರಿಗಳಿಗೂ ಆಗಲ್ಲ.

ಈಗ ಇದನ್ನ ಹತ್ತಿರದಿಂದ ತೋರಿಸ್ತೀನಿ. ಆಲೂಗಡ್ಡೆ ತುರೀತಾ ಮಧ್ಯೆ ಮಧ್ಯೆ ಈರುಳ್ಳೀನೂ ತುರೀಬೇಕು, ಆಗ ಬೇಗ ಕಪ್ಪಾಗಲ್ಲ. ಪನೀರ್ ಕಟ್ಟೋ ಬಟ್ಟೇಲಿ ಹಾಕಿ ಹಿಂಡಿ. ಇನ್ನೂ ಹಿಂಡಿ. ಕೈ ಸೋತ್ರೆ ಯಜಮಾನ್ರನ್ನ ಕರೀರಿ. ಆ ನೀರು ಮಾತ್ರ ಚೆಲ್ಲಬೇಡಿ. ಹತ್ತು ನಿಮಿಷ ಬಿಟ್ಟು ಮೇಲಿನ ಕೆಂಪು ನೀರನ್ನ ನಿಧಾನಕ್ಕೆ ಬಸಿದ್ರೆ, ತಳದಲ್ಲಿ ನೋಡಿ, ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಹಲ್ವಕ್ಕೆ ಗೋಧಿಹಾಲು ತೆಗೆದಾಗ ಹೀಗೇ ತಾನೆ ಕೂರೋದು? ಇದು ಆಲೂಗಡ್ಡೆಯ ಗಂಜಿ. ಇದನ್ನ ಬೆರಳಲ್ಲಿ ಕೆರೆದು ವಾಪಸ್ ತುರಿಗೇ ಸೇರಿಸಿ. ಲಾಟ್ಕೆ ಒಡೆಯದ ಹಾಗೆ ಹಿಡ್ಕೊಳ್ಳೋದೇ ಇದು. ಮಿಕ್ಕಿದ್ದು ಉಪ್ಪು, ಮೆಣಸು, ಮೊಟ್ಟೆ, ಒಂದಿಷ್ಟು ಮಾಟ್ಜೊ (ಹುಳಿ ಬರಿಸದೆ ಮಾಡೋ ಯಹೂದಿಗಳ ಒಣ ರೊಟ್ಟಿ) ಪುಡಿ. ಬರೋರಲ್ಲಿ ಒಬ್ಬರು ಆಂಟಿ ಮೊಟ್ಟೆ ತಿನ್ನಲ್ಲ. ಅವರಿಗೆ ಗಂಜಿ ಜಾಸ್ತಿ ಹಾಕಿ, ಎಣ್ಣೆ ಹೊಸದಿರುವಾಗಲೇ ಮೊದಲನೇ ಎಂಟು ಕರಿದು ಬೇರೆ ತಟ್ಟೇಲಿ ಇಟ್ಟೆ.

ಮಧ್ಯಾಹ್ನ ಮೂರಕ್ಕೇ ಮೂವತ್ತು ಮುಗಿಸಿದೀನಿ. ಕರಿದಿದ್ದನ್ನ ಪೇಪರ್ ಮೇಲೆ ಹರಡಿಟ್ರೆ ಅಡಿ ಮೆತ್ತಗಾಗತ್ತೆ. ಹೀಗೆ ಕಂಬಿ ಜಾಲರಿ ಮೇಲಿಡಿ, ಗಾಳಿ ಆಡ್ಲಿ. ಜನ ಬರೋ ಹತ್ತು ನಿಮಿಷ ಮುಂಚೆ 400 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿಟ್ರೆ ಮತ್ತೆ ಗರಿಗರಿ. ಉಳಿದ ಹಿಟ್ಟು ಫ್ರಿಜ್‌ನಲ್ಲಿದೆ, ಎರಡನೇ ಕಂತಿಗೆ.

ಡೋನಟ್ ಬೇಕರಿಯಿಂದ ತಂದಿದ್ದು. ಸುಫ್ಗನಿಯೋತ್ ಅಂತಾರೆ, ಒಳಗೆ ಜಾಮ್. ಮನೇಲಿ ಮಾಡಿಲ್ವಾ ಅಂತ ಕಮೆಂಟ್ ಹಾಕೋರು ಹಾಕಿ. ಸೇಬಿನ ಸಾಸ್ ಶುಕ್ರವಾರವೇ ಆಯ್ತು: ಸೇಬು, ಒಂಚೂರು ನೀರು, ಚಕ್ಕೆ, ಅಷ್ಟೇ. ಇದರ ಪಕ್ಕ ಹೆಸರುಬೇಳೆ ಕೋಸಂಬರಿ. ಫ್ಯೂಷನ್ ಅದೂ ಇದೂ ಏನಿಲ್ಲ, ಇಷ್ಟು ಎಣ್ಣೆ ತಿಂದ ಬಾಯಿಗೆ ನಿಂಬೆಹುಳಿ ಬೇಕೇ ಬೇಕು. ಹೋದ ವರ್ಷ ಮೊದಲು ಖಾಲಿ ಆಗಿದ್ದೂ ಅದೇ ಪಾತ್ರೆ.

ನಾಲ್ಕೂ ಮುಕ್ಕಾಲಿಗೆ ಒಂದು ಎಡವಟ್ಟು. ಮೇಣದಬತ್ತಿ ಡಬ್ಬೀಲಿ 44 ಇರತ್ತೆ. ಮೊದಲನೇ ರಾತ್ರಿ ಒಂದು, ಎರಡನೇ ರಾತ್ರಿ ಎರಡು, ಹೀಗೆ ಎಂಟನೇ ರಾತ್ರಿವರೆಗೆ, ಜೊತೆಗೆ ದಿನಾ ಶಮಾಶ್ ಅಂತ ಒಂದು, ಅಂದ್ರೆ ಆಳು ದೀಪ. ಲೆಕ್ಕ ಪಕ್ಕಾ, ಕೊನೇ ದಿನಕ್ಕೆ ಒಂಬತ್ತು ಉಳೀಬೇಕು. ಎಂಟೇ ಇತ್ತು! ಒಂದನ್ನ ಮಗಳು ಬುಧವಾರ ಮುರಿದಿದ್ದಳಂತೆ, ಈಗ ಬಾಯಿಬಿಟ್ಟಳು. ಹುಟ್ಟುಹಬ್ಬದ ಬತ್ತಿ ಅರ್ಧ ಗಂಟೆ ಬರಲ್ಲ. ನಾನು ದೀಪಾವಳಿ ಡಬ್ಬ ತೆಗೆದು ಒಂದು ಹಣತೆ ತಂದೆ. ಆಲಿವ್ ಎಣ್ಣೆ ಹಾಕ್ತೀನಿ, ಶಮಾಶ್ ಬದಲು ನಡೆಯತ್ತಾ ಅಂತ ಅತ್ತೇನ ಕೇಳಿದೆ. "ಮೇಣಕ್ಕಿಂತ ಆಲಿವ್ ಎಣ್ಣೇನೇ ಶ್ರೇಷ್ಠ" ಅಂದ್ರು. ಬೆಂಕಿಕಡ್ಡೀಲಿ ಹಣತೆ ಹಚ್ಚಿ, ಅದನ್ನ ಕೈಯಲ್ಲಿ ಹಿಡಿದು ಎಡಗಡೆಯಿಂದ ಒಂದೊಂದೇ ಹಚ್ಚಿದ್ದು ಮಗಳು. ಮುರಿದೋಳೇ ಹಚ್ಚಲಿ ಅಂತ.

ಇಲ್ಲಿ ಕೂತಿರೋದು ನಾನು. ಕೈಯಲ್ಲಿ ತಟ್ಟೆ, ಲಾಟ್ಕೆ ಇನ್ನೂ ಬಿಸಿ.

ಐದೂವರೆ ಹೊತ್ತಿಗೆ ಮೇಣದಬತ್ತಿ ಒಂದೊಂದಾಗಿ ಆರಿದ್ವು. ತಟ್ಟೆನೂ ಖಾಲಿ. ಎರಡನೇ ಕಂತು ಹಾಕೋಣ ಅಂತ ಎದ್ದೆ. ಅತ್ತೆ ನನ್ನ ಕೈ ಹಿಡ್ಕೊಂಡು ಹಣತೆ ಕಡೆ ತೋರಿಸಿದ್ರು. ಅದರಲ್ಲಿ ಅರ್ಧ ಎಣ್ಣೆ ಹಾಗೇ ಇದೆ, ಜ್ವಾಲೆ ಅಲ್ಲಾಡ್ತಾನೂ ಇಲ್ಲ. "ದೀಪ ಇನ್ನೂ ಉರೀತಿದೆಯಲ್ಲಮ್ಮ, ನೀನ್ಯಾಕೆ ಎದ್ದೆ?" ಅಂದು, ಮಗನ ಕಡೆ ತಿರುಗಿ ನೋಡಿದ್ರು.

ಒಲೆ ಮುಂದೆ ಬೆನ್ನು ಮಾಡಿ ನಿಂತಿರೋದು ನಮ್ಮ ಯಜಮಾನ್ರು. ಅವರು ಹಾಕಿದ ಲಾಟ್ಕೆ ಒಂದೊಂದೂ ಅಕ್ಕಿರೊಟ್ಟಿ ಗಾತ್ರ, ನಡುವೆ ಸ್ವಲ್ಪ ಹಸಿ. ಹಣತೆ ಏಳೂ ಇಪ್ಪತ್ತರವರೆಗೆ ಉರೀತು.